ಕಾಫಿ ತೋಟದಲ್ಲಿ ನಿಂತ ಕಲ್ಲುಗಳು

ಮಾಯಾ ಅಂದ ಕೂಡಲೇ ನನ್ನ ತಲೆಯಲ್ಲಿದ್ದದ್ದು ಒಂದೇ ಚಿತ್ರ: ಕಾಡಿನ ಮಧ್ಯೆ ಮುಗಿಲಿಗೆ ಮುಖ ಮಾಡಿದ ಪಿರಮಿಡ್. ಗ್ವಾಟೆಮಾಲಾದ ದಕ್ಷಿಣಕ್ಕೆ, ರೆತಾಲುಲೆವು ಪ್ರಾಂತ್ಯದ ಎಲ್ ಆಸಿಂತಾಲ್ ಎಂಬ ಪುಟ್ಟ ಊರಿನಲ್ಲಿ ಬಸ್ ಇಳಿದು, ಪಿಕಪ್ ಗಾಡಿಯ ಹಿಂದೆ ನಿಂತು ತಕಾಲಿಕ್ ಅಬಾಹ್ ತಲುಪಿದಾಗ ಕಂಡದ್ದೇ ಬೇರೆ. ಸುತ್ತಲೂ ಕಾಫಿ ಗಿಡ, ನೆರಳಿಗೆ ದೊಡ್ಡ ಮರ, ಕಾಲಡಿ ಒದ್ದೆ ಎಲೆ. ಚಿಕ್ಕಮಗಳೂರಿನ ಯಾವುದೋ ಎಸ್ಟೇಟಿಗೆ ಬಂದ ಹಾಗಿತ್ತು. ‘ಪಿರಮಿಡ್ ಎಲ್ಲಿ?’ ಅಂತ ಕೇಳಿಯೇಬಿಟ್ಟೆ.

ನಮ್ಮ ಗೈಡ್ ಐವತ್ತು ದಾಟಿದವರು. ನಕ್ಕು, ಹುಲ್ಲು ಬೆಳೆದ ಒಂದು ದಿಬ್ಬ ತೋರಿಸಿದರು. ‘ಇದೇ’ ಅಂದರು.

ಇಲ್ಲಿ ಕಟ್ಟಡಗಳನ್ನು ಕಟ್ಟಿದ್ದು ಮಣ್ಣಿನಿಂದ. ಮೇಲೆ ಹೊಳೆಯ ಉರುಟುಕಲ್ಲಿನ ಹೊದಿಕೆ. ಉತ್ತರದ ತಿಕಾಲ್‌ನಲ್ಲಿರುವಂಥ ಸುಣ್ಣಕಲ್ಲಿನ ಗೋಪುರಗಳು ಇಲ್ಲಿಲ್ಲ. ಇಳಿಜಾರು ಗುಡ್ಡವನ್ನೇ ಒಂಬತ್ತು ಹಂತಗಳಾಗಿ ಸಮ ಮಾಡಿ, ಸುಮಾರು ಆರೂವರೆ ಚದರ ಕಿಲೋಮೀಟರ್ ಹರಡಿದ ಪಟ್ಟಣ ಕಟ್ಟಿದ್ದಾರೆ. ಅದರ ಬಹುಪಾಲು ಈಗಲೂ ಖಾಸಗಿ ತೋಟಗಳ ಮಣ್ಣಿನಡಿಯೇ ಇದೆ.

<b>ಇಬ್ಬರು ಕೂಡಿ ಬರೆದ ಊರು</b>

ಕಿಚೆ ಭಾಷೆಯಲ್ಲಿ ತಕಾಲಿಕ್ ಅಬಾಹ್ ಅಂದರೆ ‘ನಿಂತ ಕಲ್ಲು’. ಹೆಸರಿಗೆ ತಕ್ಕಂತೆ ಕಲ್ಲುಗಳೇ ಇಲ್ಲಿನ ಯಜಮಾನರು. ಹೊಟ್ಟೆ ಉಬ್ಬಿಸಿಕೊಂಡು ಕೂತ ಡೊಳ್ಳುಹೊಟ್ಟೆಯ ಮೂರ್ತಿಗಳು, ಪ್ರಾಣಿಗಳು, ರಾಜರು. ಮೆಕ್ಸಿಕೊ ಕೊಲ್ಲಿ ತೀರದ ಒಲ್ಮೆಕ್ ಶೈಲಿಯ ಶಿಲ್ಪವೂ ಇದೆ, ಆರಂಭದ ಮಾಯಾ ಶಿಲ್ಪವೂ ಇದೆ, ಒಂದೇ ಅಂಗಳದಲ್ಲಿ. ಪೆಸಿಫಿಕ್ ಕರಾವಳಿಗುಂಟ ಮೆಕ್ಸಿಕೊದಿಂದ ಇಂದಿನ ಎಲ್ ಸಾಲ್ವಡಾರ್‌ವರೆಗೆ ಹೋಗುತ್ತಿದ್ದ ವ್ಯಾಪಾರದ ದಾರಿಯಲ್ಲಿತ್ತು ಈ ಊರು. ಸರಕಿನ ಜೊತೆ ವಿಚಾರವೂ ಓಡಾಡಿತು. ಸುಮಾರು 1,700 ವರ್ಷ ಬಾಳಿದ ಈ ಜಾಗ ಒಲ್ಮೆಕ್‌ನಿಂದ ಮಾಯಾಕ್ಕೆ ಆದ ಬದಲಾವಣೆಯನ್ನು ಕಂಡಿದೆ. ಅದಕ್ಕೇ 2023ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನನಗೆ ಇಷ್ಟವಾದದ್ದು ಇನ್ನೊಂದು ಸಂಗತಿ. ಹೊಸಬರು ಹಳಬರ ಕಲ್ಲುಗಳನ್ನೆಲ್ಲ ಬಿಸಾಡಲಿಲ್ಲ. ಹಳೆಯ ಮೂರ್ತಿಗಳನ್ನು ತಂದು ತಮ್ಮ ಕಟ್ಟಡಗಳ ಮುಂದೆ ಸಾಲಾಗಿ ನಿಲ್ಲಿಸಿಕೊಂಡರು. ಒಂದು ಭಾರೀ ಒಲ್ಮೆಕ್ ತಲೆಯನ್ನು ಆಮೇಲೆ ಕೆತ್ತಿ, ಗೂಡಿನಲ್ಲಿ ಕೂತ ಮನುಷ್ಯನನ್ನಾಗಿ ಮಾಡಿದ್ದಾರೆ ಎನ್ನುತ್ತಾರೆ ತಜ್ಞರು. 5ನೇ ಸ್ತಂಭದಲ್ಲಿ ಇಬ್ಬರು ಅರಸರು ಎದುರುಬದುರು ನಿಂತಿದ್ದಾರೆ, ನಡುವೆ ಅಕ್ಷರಗಳ ಸಾಲು. ಅದರಲ್ಲಿರುವ ಒಂದು ದಿನಾಂಕ ನಮ್ಮ ಲೆಕ್ಕದಲ್ಲಿ ಕ್ರಿ.ಶ. 126.

<b>ಜೇಬಿಗೆ ಹೋದ ಚೂರು</b>

ಸಮಸ್ಯೆ ಶುರುವಾದದ್ದು ಅಲ್ಲಿಂದ ಮುಂದೆ ನಡೆಯುವಾಗ. ಕಾಲುದಾರಿಯ ಪಕ್ಕ ಕಪ್ಪಗೆ ಏನೋ ಹೊಳೆಯಿತು. ಉಗುರಿನಷ್ಟು ಉದ್ದದ ಆಬ್ಸಿಡಿಯನ್ ಚೂರು. ಜ್ವಾಲಾಮುಖಿಯಿಂದ ಹುಟ್ಟುವ ಗಾಜು ಇದು. ಲೋಹದ ಉಪಕರಣ ಇಲ್ಲದ ಆ ಜನರಿಗೆ ಇದೇ ಚಾಕು. ಸುತ್ತ ಯಾರೂ ನೋಡುತ್ತಿರಲಿಲ್ಲ. ಇಷ್ಟು ದೂರ ಬಂದಿದ್ದೇನೆ, ಇಷ್ಟು ಚಿಕ್ಕದು, ಯಾರಿಗೆ ಲೆಕ್ಕ ಅಂದುಕೊಂಡೆ. ಜೇಬಿಗೆ ಹಾಕಿಕೊಂಡೆ.

ಹತ್ತು ನಿಮಿಷದ ಮೇಲೆ ಗೈಡ್ ಒಂದು ಸಮಾಧಿಯ ಕಥೆ ಹೇಳಿದರು. 2012ರಲ್ಲಿ ಸುದ್ದಿಯಾದ ಗೋರಿ ಅದು, ಕ್ರಿ.ಪೂ. 700ರಿಂದ 400ರ ನಡುವಿನದು. ಒಳಗಿದ್ದವನಿಗೆ ಸಂಶೋಧಕರು ಇಟ್ಟ ಹೆಸರು ಕುಟ್ಸ್ ಚ್ಮನ್, ಅಂದರೆ ರಣಹದ್ದು ಅಜ್ಜ. ಅವನ ಹಾರದಲ್ಲಿ ರಣಹದ್ದಿನ ತಲೆಯ ಮನುಷ್ಯನ ಜೇಡ್ ಪದಕವಿತ್ತು. ಆದರೆ ಗೋರಿಯಲ್ಲಿ ಒಂದು ಎಲುಬೂ ಸಿಗಲಿಲ್ಲ. ಅಷ್ಟು ಶತಮಾನಗಳಲ್ಲಿ ಎಲ್ಲ ಮಣ್ಣಲ್ಲಿ ಕರಗಿಹೋಗಿತ್ತು.

‘ಮತ್ತೆ ಮನುಷ್ಯನ ಗೋರಿ ಅಂತ ಹೇಗೆ ಗೊತ್ತಾಯ್ತು?’ ಕೇಳಿದೆ.

‘ವಸ್ತುಗಳು ಇಟ್ಟ ಜಾಗದಲ್ಲೇ ಇದ್ದವಲ್ಲ. ಯಾರೂ ಎತ್ತಿಕೊಂಡು ಹೋಗಿರಲಿಲ್ಲ’ ಅಂದರು.

ಅವರು ನನ್ನನ್ನು ನೋಡಿ ಹೇಳಿದ್ದಲ್ಲ. ಆದರೂ ಜೇಬಿನ ಚೂರು ಭಾರವಾಯಿತು. ಸ್ವಲ್ಪ ಹೊತ್ತು ಸುಮ್ಮನೆ ನಡೆದೆ, ಆಮೇಲೆ ತೆಗೆದು ಕೈಗಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ‘ಎಲ್ಲಿ ಸಿಕ್ಕಿತು, ನೆನಪಿದೆಯಾ?’ ಅಂತ ಮಾತ್ರ ಕೇಳಿದರು. ಇಬ್ಬರೂ ವಾಪಸ್ ನಡೆದೆವು. ನಿಖರವಾದ ಜಾಗ ನನಗೆ ಗೊತ್ತಾಗಲಿಲ್ಲ. ಈ ಮರವೋ, ಆ ಮರವೋ? ಅಂದಾಜಿನಲ್ಲಿ ಒಂದು ಕಡೆ ಇಟ್ಟೆ. ಅಲ್ಲಿಯವರೆಗೆ ಆ ಚೂರಿಗೆ ಒಂದು ವಿಳಾಸವಿತ್ತು. ಅದನ್ನು ಅಳಿಸಿದವರು ನಾವೇ, ಅಂದರೆ ನಾನೇ.

<b>ಇನ್ನೂ ಆರದ ಮೇಣದಬತ್ತಿ</b>

ಹೊರಡುವಾಗ ಒಂದು ಕಲ್ಲಿನ ಮುಂದೆ ಕುಟುಂಬವೊಂದು ಮೇಣದಬತ್ತಿ ಹಚ್ಚಿ, ಧೂಪ ಹಾಕಿ ಕೂತಿತ್ತು. ‘ಮಾಯಾ ಜನಾಂಗ ಮಾಯವಾಯಿತು’ ಅಂತ ಎಲ್ಲೋ ಓದಿದ ನೆನಪು. ಸುಳ್ಳು. ಗ್ವಾಟೆಮಾಲಾದಲ್ಲಿ ಲಕ್ಷಾಂತರ ಮಾಯಾ ಜನ ಇವತ್ತೂ ತಮ್ಮ ಭಾಷೆ ಮಾತಾಡುತ್ತಿದ್ದಾರೆ, ಈ ಕಲ್ಲುಗಳಿಗೆ ಕೈ ಮುಗಿಯುತ್ತಿದ್ದಾರೆ. ನನಗೆ ಅದು ಪ್ರವಾಸಿ ತಾಣ, ಅವರಿಗೆ ಹಿರಿಯರ ಮನೆ. ಫೋನ್ ಎತ್ತಿದವಳು ಹಾಗೇ ಇಳಿಸಿದೆ.

ನೀವೂ ಹೋಗುವುದಾದರೆ ನವೆಂಬರ್‌ನಿಂದ ಏಪ್ರಿಲ್ ಒಳಗೆ ಹೋಗಿ, ಆಗ ಮಳೆ ಕಡಿಮೆ. ಗಟ್ಟಿ ಶೂ, ಸೊಳ್ಳೆ ಮುಲಾಮು, ನಾಲ್ಕು ಸ್ಪ್ಯಾನಿಷ್ ಮಾತು ಇರಲಿ. ಗೈಡ್ ಇಲ್ಲದೆ ನೋಡಬೇಡಿ, ದಿಬ್ಬ ಬರೀ ದಿಬ್ಬವಾಗಿಯೇ ಉಳಿಯುತ್ತದೆ. ನೆನಪಿಗೆ ಏನಾದರೂ ಬೇಕೆನಿಸಿದರೆ ಊರಿನಲ್ಲಿ ಕಾಫಿಪುಡಿ ಕೊಳ್ಳಿ. ನಾನು ತಂದದ್ದು ಅದನ್ನೇ. ಮುಗಿದು ಎಷ್ಟೋ ದಿನವಾಯಿತು, ಖಾಲಿ ಪೊಟ್ಟಣ ಮಾತ್ರ ಅಡುಗೆಮನೆಯಲ್ಲಿ ಇನ್ನೂ ಇದೆ.