ಫೋಟೋ ತಿದ್ದಲು ಲ್ಯಾಪ್‌ಟಾಪ್: ಹಣ ಮೊದಲು ಯಾವುದಕ್ಕೆ?



ಛಾಯಾಗ್ರಹಣದ ಬಗ್ಗೆ ಮಾತುಕತೆ ನಡೆದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಮನೆಯಲ್ಲಿ 50,000 ರೂಪಾಯಿ ಕೊಡಲು ಒಪ್ಪಿದ್ದಾರೆ. ಫೋಟೋ ಎಡಿಟಿಂಗ್ ಕಲಿಯಬೇಕೆಂದಿದ್ದೇನೆ. ಯಾವ ಲ್ಯಾಪ್‌ಟಾಪ್ ಕೊಳ್ಳಲಿ?" ಒಂದು ಮಾಡೆಲ್ಲಿನ ಹೆಸರು ಹೇಳಿಬಿಡುವುದು ಸುಲಭ. ಆದರೆ ಆರು ತಿಂಗಳು ಕಳೆಯುವಷ್ಟರಲ್ಲಿ ಆ ಮಾಡೆಲ್ ಅಂಗಡಿಯಲ್ಲಿ ಇರುವುದಿಲ್ಲ. ಆದ್ದರಿಂದ ಹೆಸರಿನ ಬದಲು ಆರಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಹೇಳಲು ಆಗದ ಲೆಕ್ಕಗಳೂ ಇಲ್ಲಿವೆ. ಪೆನ್ನು, ಕಾಗದ ಹತ್ತಿರ ಇಟ್ಟುಕೊಂಡು ಓದಿ.

ಈ ಹಣ ಬಹುಪಾಲು ಮನೆಗಳಲ್ಲಿ ಉಳಿತಾಯದ್ದು, ಇಲ್ಲವೇ ಸಾಲದ್ದು. ಕೊಂಡ ಯಂತ್ರ ನಾಲ್ಕೈದು ವರ್ಷ ದುಡಿಯಲೇಬೇಕು. ಹಾಗಾದರೆ ನಿಯಮ ಒಂದೇ: ಮುಂದೆ ಬದಲಾಯಿಸಲು ಆಗದ ಭಾಗಕ್ಕೆ ಮೊದಲು ಹಣ ಹಾಕಿ, ಮುಂದೆ ಸೇರಿಸಬಹುದಾದ ಭಾಗ ಸ್ವಲ್ಪ ಕಾಯಲಿ. ಜಾಹೀರಾತುಗಳು ಇದನ್ನು ತಲೆಕೆಳಗು ಮಾಡುತ್ತವೆ. ಪ್ರೊಸೆಸರ್ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತದೆ, ಗ್ರಾಫಿಕ್ಸ್ ಕಾರ್ಡಿಗೆ ಬಣ್ಣದ ಸ್ಟಿಕ್ಕರ್ ಇರುತ್ತದೆ. ಪರದೆಯ ಗುಣ ಮಾತ್ರ ಕೊನೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಫೋಟೋ ತಿದ್ದುವವರು ಓದಬೇಕಾದದ್ದು ಆ ಸಾಲನ್ನೇ.

ಪರದೆ ಸುಳ್ಳು ಹೇಳಿದರೆ

ಟೆಲಿವಿಷನ್ ನಿಲಯದ ಕಂಟ್ರೋಲ್ ರೂಮಿನಲ್ಲಿ ಹಲವಾರು ಪರದೆಗಳು ಇರುತ್ತವೆ. ಆದರೆ ಬಣ್ಣ ಸರಿಯಿದೆಯೇ ಎಂದು ನಿರ್ಣಯಿಸುವಾಗ, ಅಳತೆ ಮಾಡಿ ಹೊಂದಿಸಿಟ್ಟ ಮಾನಿಟರನ್ನು ಮಾತ್ರ ನಂಬುತ್ತೇವೆ. ಉಳಿದವು ಚಿತ್ರ ಬರುತ್ತಿದೆಯೇ ಇಲ್ಲವೇ ಎಂದು ತಿಳಿಯಲಿಕ್ಕೆ. ಫೋಟೋ ತಿದ್ದುವವರಿಗೆ ಲ್ಯಾಪ್‌ಟಾಪಿನ ಪರದೆಯೇ ಆ ನಂಬುಗೆಯ ಮಾನಿಟರು.

ಒಂದು ಉದಾಹರಣೆ ನೋಡೋಣ. ನಿಮ್ಮ ಊರಿನ ನೇಕಾರರೊಬ್ಬರು ಆನ್‌ಲೈನಿನಲ್ಲಿ ಮಾರಲು ಇಳಕಲ್ ಸೀರೆಗಳ ಫೋಟೋ ತೆಗೆದುಕೊಡಿ ಎಂದು ಕೇಳಿದ್ದಾರೆ ಎಂದುಕೊಳ್ಳಿ. ಸೆರಗಿನ ಕೆಂಪು ನಿಮ್ಮ ಮಂದ ಪರದೆಯಲ್ಲಿ ಮಾಸಿದ ಇಟ್ಟಿಗೆಯಂತೆ ಕಾಣುತ್ತದೆ. ಬಣ್ಣ ಸಾಲದೆಂದು ನೀವು ಅದನ್ನು ಏರಿಸುತ್ತೀರಿ. ಈಗ ನಿಮ್ಮ ಕಣ್ಣಿಗೆ ಎಲ್ಲವೂ ಸರಿ. ಅದೇ ಚಿತ್ರ ಕೊಳ್ಳುವವರ ಫೋನಿನಲ್ಲಿ ಕಣ್ಣಿಗೆ ರಾಚುವ ಕೆಂಪಾಗಿರುತ್ತದೆ. ಸೀರೆ ಕೈಸೇರಿದಾಗ "ಫೋಟೋದಲ್ಲಿ ಕಂಡ ಬಣ್ಣ ಇದಲ್ಲ" ಎಂದು ಅವರು ಹಿಂದಕ್ಕೆ ಕಳಿಸುತ್ತಾರೆ. ಸೀರೆಯಲ್ಲಿ ದೋಷವಿಲ್ಲ, ಕ್ಯಾಮೆರಾದಲ್ಲೂ ಇಲ್ಲ. ನಷ್ಟ ಮಾತ್ರ ನೇಕಾರರದು. ಮುಂದಿನ ಕೆಲಸ ನಿಮಗೆ ಬರುವುದೂ ಅನುಮಾನ.

ಹಳೆಯ ಟೀವಿಯ ಅಳತೆಗೋಲು

ಪರದೆ ಎಷ್ಟು ವ್ಯಾಪ್ತಿಯ ಬಣ್ಣ ತೋರಿಸಬಲ್ಲದು ಎಂಬುದನ್ನು ತಾಂತ್ರಿಕ ವಿವರಗಳಲ್ಲಿ ಎರಡು ರೀತಿಯಲ್ಲಿ ಬರೆಯುತ್ತಾರೆ: "ಶೇಕಡಾ 45 ಎನ್‌ಟಿಎಸ್‌ಸಿ" ಎಂದು, ಅಥವಾ "ಶೇಕಡಾ 100 ಎಸ್‌ಆರ್‌ಜಿಬಿ" ಎಂದು. ಎನ್‌ಟಿಎಸ್‌ಸಿ ಎಂಬುದು ಅಮೆರಿಕದಲ್ಲಿ 1953ರಲ್ಲಿ ಒಪ್ಪಿಗೆ ಪಡೆದ ಬಣ್ಣದ ಟೆಲಿವಿಷನ್ ಪದ್ಧತಿ. ನಮ್ಮ ದೇಶ ಆರಿಸಿಕೊಂಡದ್ದು ಪಾಲ್ ಪದ್ಧತಿಯನ್ನು. ಆ ಹಳೆಯ ಟೀವಿಗಳು ಹೋದರೂ ಅವುಗಳ ಅಳತೆಗೋಲು ಲ್ಯಾಪ್‌ಟಾಪಿನ ವಿವರಪಟ್ಟಿಯಲ್ಲಿ ಉಳಿದುಕೊಂಡಿದೆ. ಎಸ್‌ಆರ್‌ಜಿಬಿ ಎಂಬುದು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪೆನಿಗಳು ಕಂಪ್ಯೂಟರುಗಳಿಗಾಗಿ ರೂಪಿಸಿದ ಮಾನಕ. ಅಂತರಜಾಲದಲ್ಲಿ ನಾವು ನೋಡುವ ಚಿತ್ರಗಳಲ್ಲಿ ಹೆಚ್ಚಿನವು ಇದನ್ನೇ ಆಧರಿಸಿವೆ.

ಭೌತಶಾಸ್ತ್ರದ ವಿದ್ಯಾರ್ಥಿಗಳು ಹೀಗೆ ಕಲ್ಪಿಸಿಕೊಳ್ಳಬಹುದು. ಕಣ್ಣು ಗ್ರಹಿಸುವ ಬಣ್ಣಗಳನ್ನೆಲ್ಲ ಒಂದು ನಕ್ಷೆಯ ಮೇಲೆ ಗುರುತಿಸಿದೆ. ಪರದೆಯ ಕೆಂಪು, ಹಸಿರು, ನೀಲಿ ಮೂರೂ ಆ ನಕ್ಷೆಯ ಮೇಲೆ ಮೂರು ಬಿಂದುಗಳು. ಅವನ್ನು ಸೇರಿಸಿದರೆ ಒಂದು ತ್ರಿಭುಜ. ಪರದೆ ತೋರಿಸಬಲ್ಲ ಬಣ್ಣಗಳೆಲ್ಲ ಆ ತ್ರಿಭುಜದ ಒಳಗೇ ಇರುತ್ತವೆ. ಎಸ್‌ಆರ್‌ಜಿಬಿ ತ್ರಿಭುಜದ ವಿಸ್ತೀರ್ಣ ಎನ್‌ಟಿಎಸ್‌ಸಿ ತ್ರಿಭುಜದ ಸುಮಾರು ಶೇಕಡಾ 72ರಷ್ಟು. ಹಾಗಾದರೆ ಶೇಕಡಾ 45 ಎನ್‌ಟಿಎಸ್‌ಸಿ ಪರದೆ ಎಸ್‌ಆರ್‌ಜಿಬಿಯ ಎಷ್ಟು ಭಾಗ? 45ನ್ನು 72ರಿಂದ ಭಾಗಿಸಿ. ಸುಮಾರು ಶೇಕಡಾ 62. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬಣ್ಣದ ಹರವು ಅಲ್ಲಿ ಇಲ್ಲವೇ ಇಲ್ಲ.

ಇಲ್ಲಿ ಎರಡು ಎಚ್ಚರಿಕೆ ಅಗತ್ಯ. ಮೊದಲನೆಯದು, "ಐಪಿಎಸ್ ಪರದೆ" ಎಂದ ಮಾತ್ರಕ್ಕೆ ಬಣ್ಣ ಪೂರ್ತಿ ಇದೆ ಎಂದು ಅರ್ಥವಲ್ಲ. ಐಪಿಎಸ್ ಆದರೆ ಪಕ್ಕದಿಂದ ನೋಡಿದಾಗಲೂ ಚಿತ್ರ ಹೆಚ್ಚು ಬದಲಾಗುವುದಿಲ್ಲ, ಅಷ್ಟೆ. ಶೇಕಡಾ 45ರ ಐಪಿಎಸ್ ಪರದೆಗಳು ಅಂಗಡಿಯಲ್ಲಿ ಧಾರಾಳವಾಗಿವೆ. ಎರಡನೆಯದು, ಒಂದೇ ಮಾಡೆಲ್ಲಿನಲ್ಲಿ ಎರಡು ಮೂರು ಬಗೆಯ ಪರದೆ ಹಾಕಿ ಮಾರುವುದುಂಟು. ಗೆಳೆಯರ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿತ್ತೆಂದು ನಂಬದೆ, ನೀವು ಕೊಳ್ಳುವ ಯಂತ್ರದ ಪೂರ್ಣ ಮಾಡೆಲ್ ಸಂಖ್ಯೆಯ ವಿವರವನ್ನೇ ಓದಿ.

ಬಣ್ಣ ಹೊಂದಿಸುವ ಕ್ಯಾಲಿಬ್ರೇಟರ್ ಎಂಬ ಸಾಧನ ಸಿಗುತ್ತದೆ. ಬಿಳಿ ಹಳದಿಗೆ ತಿರುಗಿದ್ದರೆ, ನಡುಛಾಯೆಗಳು ಏರುಪೇರಾಗಿದ್ದರೆ ಅದು ಸರಿಪಡಿಸುತ್ತದೆ. ಆದರೆ ತ್ರಿಭುಜದ ಹೊರಗಿರುವ ಬಣ್ಣವನ್ನು ಅದು ತಂದುಕೊಡಲಾರದು. ಕಾಲೇಜಿನ ವಿಭಾಗಕ್ಕೆ ಒಂದನ್ನು ಕೊಂಡು ಎಲ್ಲರೂ ಹಂಚಿಕೊಂಡು ಬಳಸಬಹುದು.

ಓಎಲ್‌ಇಡಿ ಪರದೆಗಳಲ್ಲಿ ಬಣ್ಣದ ವ್ಯಾಪ್ತಿ ದೊಡ್ಡದು, ಕಪ್ಪು ಗಾಢ. ಆದರೆ ಅಲ್ಲಿ ತೊಂದರೆ ಉಲ್ಟಾ ಆಗಬಹುದು: ಸಾಧಾರಣ ಚಿತ್ರವೂ ಹೆಚ್ಚು ಕಳೆಗಟ್ಟಿ ಕಾಣುತ್ತದೆ. ಎಸ್‌ಆರ್‌ಜಿಬಿಗೆ ಸೀಮಿತಗೊಳಿಸುವ ವ್ಯವಸ್ಥೆ ಇದೆಯೇ ಎಂದು ಕೇಳಿ ತಿಳಿಯಿರಿ.

ಅಡುಗೆ ಕಟ್ಟೆ ಮತ್ತು ಉಗ್ರಾಣ

ಪರದೆಯ ನಂತರದ ಸ್ಥಾನ ರ್‍ಯಾಮ್‌ಗೆ. ರ್‍ಯಾಮ್ ಅಡುಗೆ ಕಟ್ಟೆಯಿದ್ದಂತೆ, ಡಿಸ್ಕ್ ಉಗ್ರಾಣವಿದ್ದಂತೆ. ಕಟ್ಟೆ ಚಿಕ್ಕದಾದರೆ ಪ್ರತಿ ಪಾತ್ರೆಯನ್ನೂ ಉಗ್ರಾಣಕ್ಕೆ ಒಯ್ದು ಇಡಬೇಕು, ಮತ್ತೆ ತರಬೇಕು. ಅಡುಗೆಯವರು ಎಷ್ಟೇ ಚುರುಕಾಗಿದ್ದರೂ ಊಟ ತಡವಾಗುತ್ತದೆ.

ಕಟ್ಟೆ ಎಷ್ಟು ದೊಡ್ಡದಿರಬೇಕು? ಲೆಕ್ಕ ಹಾಕೋಣ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಎಂದರೆ ಅಡ್ಡಕ್ಕೆ 6000, ಉದ್ದಕ್ಕೆ 4000 ಚುಕ್ಕಿಗಳು. ಒಟ್ಟು 2 ಕೋಟಿ 40 ಲಕ್ಷ. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿಗಳು. ಸೂಕ್ಷ್ಮವಾಗಿ ತಿದ್ದಲು 16 ಬಿಟ್ ಬಳಸಿದರೆ ಪ್ರತಿ ಅಂಕಿಗೆ 2 ಬೈಟ್. ಗುಣಿಸಿದರೆ 14 ಕೋಟಿ 40 ಲಕ್ಷ ಬೈಟ್, ಅಂದರೆ 144 ಮೆಗಾಬೈಟ್. ಇದು ಒಂದು ಪದರಕ್ಕೆ. ಇಂಥ ಹತ್ತು ಪೂರ್ಣ ಪದರಗಳನ್ನು ಒಂದರ ಮೇಲೊಂದು ಇಟ್ಟರೆ ಸುಮಾರು ಒಂದೂವರೆ ಗಿಗಾಬೈಟ್. ಹಿಂದಿನ ಹೆಜ್ಜೆಗೆ ಮರಳಲು ತಂತ್ರಾಂಶ ಉಳಿಸಿಕೊಳ್ಳುವ ಪ್ರತಿಗಳು ಬೇರೆ. ವಿಂಡೋಸ್ ಮತ್ತು ತೆರೆದಿಟ್ಟ ಬ್ರೌಸರ್ ತಮ್ಮ ಪಾಲನ್ನು ಮೊದಲೇ ತೆಗೆದುಕೊಂಡಿರುತ್ತವೆ.

ಹೀಗಾಗಿ 8 ಜಿಬಿಯಲ್ಲಿ ಕಲಿಕೆ ಆರಂಭಿಸಬಹುದು, 16 ಜಿಬಿ ಇದ್ದರೆ ನೆಮ್ಮದಿ. ಫೋಟೋಶಾಪ್ ತಯಾರಕರು ಹೇಳುವುದೂ ಇದನ್ನೇ: ಕನಿಷ್ಠ 8, ಉತ್ತಮ 16. ಆದರೆ ಇಲ್ಲಿ ನಮ್ಮ ನಿಯಮವನ್ನು ನೆನಪಿಡಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತದೆ, ಮುಂದೆ ಹೆಚ್ಚಿಸುವಂತಿಲ್ಲ. ವಿವರಪಟ್ಟಿಯಲ್ಲಿ "ಎಲ್‌ಪಿಡಿಡಿಆರ್" ಎಂದಿದ್ದರೆ ಸಾಮಾನ್ಯವಾಗಿ ಈ ಬಗೆ. ಆಪಲ್ ಕಂಪೆನಿಯ ಮ್ಯಾಕ್‌ಬುಕ್ ಏರ್‌ನಲ್ಲಿ ಪರದೆ ಉತ್ತಮ, ಆದರೆ ಅಲ್ಲಿಯೂ ರ್‍ಯಾಮ್ ಕೊಂಡಷ್ಟೇ. ಇಂಥವನ್ನು ಕೊಳ್ಳುವುದಾದರೆ ಮೊದಲೇ 16 ಜಿಬಿ ಇರಲಿ. ಖಾಲಿ ಸ್ಲಾಟ್ ಇರುವ ಯಂತ್ರವಾದರೆ ಈಗ 8 ಜಿಬಿ ಸಾಕು, ಕೈಯಲ್ಲಿ ಹಣ ಕೂಡಿದಾಗ ಇನ್ನೊಂದು 8 ಸೇರಿಸಬಹುದು.

ಉಗ್ರಾಣದ ವಿಷಯ ಬೇಗ ಮುಗಿಸೋಣ. ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಮೆಗಾಬೈಟ್ ಓದಿದರೆ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ 2000ಕ್ಕೂ ಹೆಚ್ಚು ಓದುತ್ತದೆ. ಲ್ಯಾಪ್‌ಟಾಪಿನ ಒಳಗೆ ಎಸ್‌ಎಸ್‌ಡಿಯೇ ಇರಲಿ, 512 ಜಿಬಿ ಸಾಕು. ಒಂದು ರಾ ಚಿತ್ರಕ್ಕೆ 25 ಮೆಗಾಬೈಟ್ ಎಂದು ಹಿಡಿದರೆ ಮದುವೆಯೊಂದರ 1000 ಚಿತ್ರಕ್ಕೆ 25 ಜಿಬಿ. ಕೆಲಸ ಮುಗಿದ ಚಿತ್ರಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಸಾಗಿಸಿ. ಎರಡು ಕಡೆ ಪ್ರತಿ ಇರಲಿ.

ಪ್ರೊಸೆಸರ್ ಮತ್ತು ಗ್ರಾಫಿಕ್ಸ್

ಸ್ಥಿರಚಿತ್ರ ತಿದ್ದಲು ನಡುದರ್ಜೆಯ ಪ್ರೊಸೆಸರ್ ಸಾಕು. ಹೆಸರಿನಲ್ಲಿರುವ ಸಂಖ್ಯೆ ದೊಡ್ಡದಿದ್ದರೆ ಹೊಸತು ಎಂದು ತಿಳಿಯಬೇಡಿ. ರೈಜನ್ 5 7520ಯು ಎಂಬುದನ್ನು ನೋಡಿ. ಮೊದಲ ಅಂಕಿ 7 ಹೊಸ ಸರಣಿ ಎನ್ನುತ್ತದೆ. ಮೂರನೆಯ ಅಂಕಿ 2 ಮಾತ್ರ ಒಳಗಿರುವುದು 2019ರಲ್ಲಿ ಬಂದ ಜೆನ್ 2 ವಿನ್ಯಾಸ ಎಂದು ಹೇಳುತ್ತದೆ. ಆ ಸರಣಿಯಲ್ಲಿ ಮೂರನೆಯ ಅಂಕಿ 3 ಅಥವಾ 4 ಇದ್ದರೆ ಒಳಗಿನ ವಿನ್ಯಾಸ ಇನ್ನಷ್ಟು ಹೊಸದು.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಆಟಗಳಿಗೆ, ವಿಡಿಯೋ ಸಂಕಲನಕ್ಕೆ, ಚಿತ್ರದ ಕಾಳುಕಾಳನ್ನು ಕೃತಕ ಬುದ್ಧಿಮತ್ತೆಯಿಂದ ಅಳಿಸುವಂಥ ಕೆಲಸಕ್ಕೆ ಬೇಕು. ಬೆಳಕು, ಬಣ್ಣ, ಚೌಕಟ್ಟು ಸರಿಪಡಿಸಲು ಪ್ರೊಸೆಸರಿನೊಳಗಿನ ಗ್ರಾಫಿಕ್ಸೇ ಸಾಲುತ್ತದೆ. ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಹಣವೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಹೋಗಿ, ಪರದೆಗೆ ಶೇಕಡಾ 45 ಎನ್‌ಟಿಎಸ್‌ಸಿಯೇ ಗತಿಯಾಗುವುದು ಸಾಮಾನ್ಯ.

ಇನ್ನೂ ಕಡಿಮೆ ಹಣವಿದ್ದರೆ

ಎರಡು ದಾರಿಗಳಿವೆ. ಒಂದು, ಮನೆಯಲ್ಲಿ ಈಗಾಗಲೇ ಇರುವ ಲ್ಯಾಪ್‌ಟಾಪಿಗೆ ಪೂರ್ಣ ಎಸ್‌ಆರ್‌ಜಿಬಿ ಇರುವ 24 ಅಂಗುಲದ ಮಾನಿಟರ್ ಜೋಡಿಸುವುದು. ಹೊಸ ಲ್ಯಾಪ್‌ಟಾಪಿಗಿಂತ ಬಹಳ ಕಡಿಮೆ ಖರ್ಚಿನಲ್ಲಿ ನಂಬುಗೆಯ ಪರದೆ ಸಿಗುತ್ತದೆ. ಮೇಜಿನಿಂದ ಕದಲಿಸುವಂತಿಲ್ಲ ಎನ್ನುವುದಷ್ಟೇ ಕೊರತೆ.

ಇನ್ನೊಂದು, ಕಂಪೆನಿಗಳು ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇವು ಸಿಗುತ್ತವೆ. ಗಟ್ಟಿಮುಟ್ಟಾಗಿರುತ್ತವೆ, ಹಲವು ಮಾಡೆಲ್ಲುಗಳಲ್ಲಿ ರ್‍ಯಾಮ್ ಹೆಚ್ಚಿಸಬಹುದು. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕಾದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅಂಗಡಿಯಲ್ಲೇ ನೋಡಿ. ಬಿಲ್ಲು, ವಾರಂಟಿ ಎರಡನ್ನೂ ಬರವಣಿಗೆಯಲ್ಲಿ ಪಡೆಯಿರಿ.

ತಂತ್ರಾಂಶಕ್ಕೆ ಹಣ ಹಾಕಬೇಕಾಗಿಲ್ಲ. 1996ರಿಂದ ಲಭ್ಯವಿರುವ ಗಿಂಪ್, ರಾ ಚಿತ್ರಗಳಿಗಾಗಿ ಡಾರ್ಕ್‌ಟೇಬಲ್ ಮತ್ತು ರಾಥೆರಪಿ, ಇವೆಲ್ಲ ಉಚಿತ. ಕ್ಯಾನನ್, ನಿಕಾನ್ ಕ್ಯಾಮೆರಾ ಇದ್ದವರಿಗೆ ಆಯಾ ಕಂಪೆನಿಯ ರಾ ತಂತ್ರಾಂಶವೂ ಉಚಿತವಾಗಿಯೇ ಸಿಗುತ್ತದೆ. ಕಳ್ಳಪ್ರತಿ ಹಾಕಿಕೊಂಡು, ಅದರ ಜೊತೆ ಬರುವ ವೈರಸ್ಸಿಗೆ ಫೋಟೋಗಳನ್ನು ಒಪ್ಪಿಸಬೇಡಿ.

ಮಾಡಿ ನೋಡಿ

ಅಂಗಡಿಗೆ ಹೋಗುವಾಗ ಪೆನ್ ಡ್ರೈವಿನಲ್ಲಿ ನಾಲ್ಕು ಚಿತ್ರ ಒಯ್ಯಿರಿ.

1. ಹಗಲು ಬೆಳಕಿನಲ್ಲಿ ತೆಗೆದ ಒಂದು ಮುಖ. ಚರ್ಮದ ಬಣ್ಣ ಸಹಜವಾಗಿದೆಯೇ?

2. ಸಂಜೆಯ ಆಕಾಶ. ಬಣ್ಣ ನುಣ್ಣಗೆ ಇಳಿಯಬೇಕು, ಪಟ್ಟೆ ಪಟ್ಟೆಯಾಗಿ ಒಡೆಯಬಾರದು.

3. ಗಾಢ ಕೆಂಪು, ಹಸಿರು ಇರುವ ಸೀರೆ ಅಥವಾ ಬಟ್ಟೆ. ನಾಲ್ಕಾರು ಲ್ಯಾಪ್‌ಟಾಪುಗಳಲ್ಲಿ ಒಂದೇ ಚಿತ್ರ ತೆರೆದು ಅಕ್ಕಪಕ್ಕ ಇಡಿ. ವ್ಯತ್ಯಾಸ ತಾನೇ ಗೋಚರಿಸುತ್ತದೆ.

4. ಕಪ್ಪಿನಿಂದ ಬಿಳಿಯವರೆಗೆ 16 ಮೆಟ್ಟಿಲಿನ ಬೂದು ಪಟ್ಟಿ. ಇದನ್ನು ಗಿಂಪ್‌ನಲ್ಲಿ ನೀವೇ ಮಾಡಿಕೊಳ್ಳಬಹುದು. ಎರಡೂ ತುದಿಯ ಮೆಟ್ಟಿಲುಗಳು ಬೇರೆ ಬೇರೆಯಾಗಿ ಕಾಣಬೇಕು. ಮುಚ್ಚಳವನ್ನು ಹಿಂದೆ ಮುಂದೆ ವಾಲಿಸಿದರೂ ಮೆಟ್ಟಿಲುಗಳು ಒಂದರಲ್ಲೊಂದು ಬೆರೆಯಬಾರದು.

ನೋಡುವ ಮೊದಲು ಪರದೆಯ ಬೆಳಕನ್ನು ಪೂರ್ತಿ ಏರಿಸಿ. ರಾತ್ರಿ ಬೆಳಕು, ಬಣ್ಣ ಹೆಚ್ಚಿಸುವ ಸೆಟ್ಟಿಂಗ್ ಇದ್ದರೆ ತೆಗೆಸಿ.

ಕೊನೆಗೆ ಒಂದು ಆಯ್ಕೆ. ಒಂದೇ ಬೆಲೆಯ ಎರಡು ಲ್ಯಾಪ್‌ಟಾಪ್ ನಿಮ್ಮ ಮುಂದಿವೆ. ಒಂದರಲ್ಲಿ ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ್‍ಯಾಮ್, ಶೇಕಡಾ 45ರ ಪರದೆ. ಇನ್ನೊಂದರಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ, 8 ಜಿಬಿ ರ್‍ಯಾಮ್, ಒಂದು ಖಾಲಿ ಸ್ಲಾಟ್, ಪೂರ್ಣ ಎಸ್‌ಆರ್‌ಜಿಬಿ ಪರದೆ. ಅಂಗಡಿಯವರು ಮೊದಲನೆಯದನ್ನೇ ಹೊಗಳಬಹುದು. ಎರಡನೆಯದಕ್ಕೆ ಮುಂದಿನ ವರ್ಷ ನೀವೇ ರ್‍ಯಾಮ್ ಸೇರಿಸುತ್ತೀರಿ, ಅಲ್ಲಿಗೆ ಅದರ ಕೊರತೆ ತೀರುತ್ತದೆ. ಮೊದಲನೆಯದರ ಪರದೆ ನಾಲ್ಕು ವರ್ಷವೂ ಅದೇ ಮಾಸಿದ ಕೆಂಪನ್ನೇ ತೋರಿಸುತ್ತಿರುತ್ತದೆ.