ದೀಕ್ಷಾಸ್ನಾನದ ಹೊಸ್ತಿಲಲ್ಲಿ ಚೋಮ

ಅಮೆರಿಕದ ಕರಿಯ ಲೇಖಕರ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಯೊಂದಿದೆ: ನಾನು ಯಾರ ಮನೆಯವನು? ಕನ್ನಡದಲ್ಲಿ ಅದೇ ಪ್ರಶ್ನೆಯನ್ನು ಜನಾಂಗದ ಬದಲು ಜಾತಿಯ ನೆಲೆಯಲ್ಲಿ ಎತ್ತಿದ ಕೃತಿ ಶಿವರಾಮ ಕಾರಂತರ ‘ಚೋಮನ ದುಡಿ’ (1933). ಕ್ರೈಸ್ತ ಸಭೆಯೂ ಅದರ ಕಥೆಯೊಳಗೆ ಇರುವುದರಿಂದ ಬೋಧಕರು ಅದನ್ನು ಓದಲೇಬೇಕು.

ಹೊಲೆಯನಾದ ಚೋಮನಿಗೆ ಜೋಡಿ ಎತ್ತುಗಳಿವೆ, ಉಳಲು ಭೂಮಿಯಿಲ್ಲ. ಅವನ ಜಾತಿಯವರು ಬೇಸಾಯಗಾರರಾಗಕೂಡದೆಂಬುದು ಊರ ಕಟ್ಟು. ಮತ ಬದಲಿಸಿದರೆ ಭೂಮಿ ದೊರೆಯಬಹುದು. ಮಗ ಗುರುವನು ಕಾಫಿ ತೋಟದಲ್ಲಿ ಕ್ರೈಸ್ತ ಹುಡುಗಿಯನ್ನು ಕೂಡಿಕೊಂಡು ಆ ದಾರಿ ಹಿಡಿದಾಗಿದೆ. ಕೊನೆಗೆ ಚೋಮನೂ ಹೊರಡುತ್ತಾನೆ. ಆದರೆ ತನ್ನ ದೈವವಾದ ಪಂಜುರ್ಲಿಯನ್ನು ಬಿಡಲಾರದೆ ಹಿಂದಿರುಗುತ್ತಾನೆ.

ಇದನ್ನು ಮೂಢನಂಬಿಕೆಯ ಗೆಲುವೆಂದು ಓದಿಬಿಡುವುದು ಸುಲಭ. ನನಗೆ ಅದು ಸರಿಯೆನಿಸುವುದಿಲ್ಲ. ಧಣಿಯ ಅಂಗಳದಲ್ಲಿ ಚೋಮನು ಬರಿಯ ಆಳು; ದೈವದ ಮುಂದೆ ಮಾತ್ರ ಅವನು ಹಿರಿಯರುಳ್ಳ ಮನುಷ್ಯ. ಮಿಷನ್ ಅವನಿಗೆ ಭೂಮಿ ತೋರಿಸಿತು. ಆ ಹಿರಿಯರಿಗೆ ಎಲ್ಲಿ ಸ್ಥಳವೆಂಬುದನ್ನು ಹೇಳಲಿಲ್ಲ. ಹಾಗೆಂದು ಕಾರಂತರು ಊರನ್ನು ಹೊಗಳುವುದೂ ಇಲ್ಲ. ಚೋಮನ ಕಿರಿಯ ಮಗ ನೀಲನು ಹೊಳೆಯಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆಯೆಂದು ಅದೇ ಊರು ಕೈ ಚಾಚದೆ ನಿಂತಿತ್ತು. (ಮಗಳು ಬೆಳ್ಳಿಯ ಬಾಳಿನಲ್ಲಿ ಬರುವ ಮನ್ವೇಲನು ಕ್ರೈಸ್ತನೇ ಎಂಬುದನ್ನೂ ನಾವು ಮರೆಯಬಾರದು.)

ಜೇಮ್ಸ್ ಬಾಲ್ಡ್‌ವಿನ್ನರ ‘ಗೋ ಟೆಲ್ ಇಟ್ ಆನ್ ದಿ ಮೌಂಟನ್’ (1953) ಕಾದಂಬರಿಯಲ್ಲಿ ಹಾರ್ಲೆಮ್ಮಿನ ಸಣ್ಣ ಸಭೆಯೊಂದರಲ್ಲಿ 14 ವರ್ಷದ ಜಾನ್ ನೆಲಕ್ಕೆ ಬಿದ್ದು ರಕ್ಷಣೆಯ ಅನುಭವ ಪಡೆಯುತ್ತಾನೆ. ಬೆಳಗಾದಾಗ ಸಭೆಯವರು ಅವನನ್ನು ಅಪ್ಪಿಕೊಳ್ಳುತ್ತಾರೆ. ಬೋಧಕನಾದ ಮಲತಂದೆ ಗೇಬ್ರಿಯಲ್ ಮಾತ್ರ ಕರಗುವುದಿಲ್ಲ. ಸಭೆಗೆ ಸೇರಿದವನಿಗೂ ಮನೆ ಸಿಕ್ಕೀತೆಂಬ ಭರವಸೆ ಅಲ್ಲಿಲ್ಲ.

ಬಾಸೆಲ್ ಮಿಷನ್ ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ ಬಂದಿತು. ದೀಕ್ಷಾಸ್ನಾನ ಪಡೆದವರು ನೆಂಟರನ್ನೂ ಕುಲಕಸುಬನ್ನೂ ಕಳೆದುಕೊಳ್ಳುತ್ತಿದ್ದುದರಿಂದಲೇ ಮಿಷನ್ ಕರಾವಳಿಯಲ್ಲಿ ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ತೆರೆಯಬೇಕಾಯಿತು. ಅನ್ನದ ಪ್ರಶ್ನೆಗೆ ಅದು ಉತ್ತರವಾಯಿತು. ಸೇರಿಕೆಯ ಪ್ರಶ್ನೆ ಉಳಿದೇ ಇದೆ. ಅನ್ಯರು ದೇವರ ಮನೆಯವರಾದರೆಂದು ಎಫೆಸದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ನಾವು ಪೀಠದಿಂದ ಓದುತ್ತೇವೆ. ಮದುವೆಯ ಮಾತು ಬಂದಾಗ ಹಳೆಯ ಜಾತಿಯನ್ನು ವಿಚಾರಿಸುವ ಕುಟುಂಬಗಳು ನಮ್ಮ ಸಭೆಗಳಲ್ಲೇ ಇವೆ. ಇತ್ತ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನು ಪರಿಶಿಷ್ಟ ಜಾತಿಯವನಲ್ಲ. ಗುರುವನಂಥವರ ಮೊಮ್ಮಕ್ಕಳು ಈ ಎರಡು ಬಾಗಿಲುಗಳ ನಡುವೆ ನಿಂತಿದ್ದಾರೆ.