ಬೆವರಿಳಿದ ಮೇಲೆ ರಕ್ತ ಹೇಳುವುದೇನು?

ಮೈದಣಿಯುವಂತೆ ಓಡಿದಾಗ, ದಂಡ-ಬಸ್ಕಿ ಹೊಡೆದಾಗ ಸ್ನಾಯುಗಳಲ್ಲಿ ಫ್ರೀ ರ‍್ಯಾಡಿಕಲ್‌ಗಳು ಹೆಚ್ಚುತ್ತವೆ. ಜೀವಕೋಶದ ಕೊಬ್ಬು, ಪ್ರೋಟೀನು, ಡಿಎನ್‌ಎ ಕೆಡಿಸುವ ಕಣಗಳಿವು. ದೇಹದ ಕಾವಲನ್ನು ಮೀರಿ ಬೆಳೆದರೆ ಅದೇ ಉತ್ಕರ್ಷಣ ಒತ್ತಡ. ಸುಸ್ತಾಗುವವರೆಗೆ ಓಡಿಸಿದ ಇಲಿಗಳ ಸ್ನಾಯು ಮತ್ತು ಯಕೃತ್ತಿನಲ್ಲಿ ಈ ಕಣಗಳು ಎರಡು-ಮೂರು ಪಟ್ಟು ಏರುವುದನ್ನು 1982ರಲ್ಲೇ ಕಂಡಿದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದವರೂ ವಯಸ್ಸಾದ ಇಲಿಗಳನ್ನು ಈಜಿಸಿ, ವಿಟಮಿನ್ ಇ ಕೊಟ್ಟು ಹೃದಯ, ಮೆದುಳುಗಳನ್ನು ಪರೀಕ್ಷಿಸಿದ್ದಾರೆ.

ಹಾಗೆಂದು ವ್ಯಾಯಾಮ ಕೆಟ್ಟದ್ದಲ್ಲ. ಆ ಏರಿಕೆಯೇ ದೇಹದ ಕಾವಲನ್ನು ಎಚ್ಚರಿಸುತ್ತದೆ. ವಾರಗಟ್ಟಲೆ ಅಭ್ಯಾಸವಾದರೆ ಎಸ್‌ಒಡಿ (ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್), ಗ್ಲುಟಥಯೋನ್ ಪೆರಾಕ್ಸಿಡೇಸ್‌ನಂಥ ಕಿಣ್ವಗಳು ಬಲಿಯುತ್ತವೆ. ಆದ್ದರಿಂದ ಈ ಒತ್ತಡವನ್ನು ಅಳೆಯಲು ರಕ್ತ ತೆಗೆಯುವ ಹೊತ್ತೇ ಮುಖ್ಯ. ಓಟ ಮುಗಿದ ಕೂಡಲೇ ತೆಗೆದದ್ದು ಒಂದು ಕಥೆ ಹೇಳಿದರೆ, ಎರಡು ತಿಂಗಳ ತರಬೇತಿಯ ನಂತರ, ಒಂದೆರಡು ದಿನ ವಿಶ್ರಾಂತಿ ಕೊಟ್ಟು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದದ್ದು ಬೇರೆಯೇ ಹೇಳುತ್ತದೆ. ಎರಡೂ ಬೇಕು, ತರಬೇತಿಗೆ ಮುಂಚಿನದೂ ಬೇಕು.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಇಂಥ ಅಧ್ಯಯನ ಮಾಡುವವರಿಗೆ ಮೊದಲ ತೊಡಕು ಜನರ ಆಯ್ಕೆ. ದಿನವಿಡೀ ಅಡಿಕೆ ಸುಲಿಯುವವರನ್ನೋ, ಗದ್ದೆಯಲ್ಲಿ ನಾಟಿ ಹಾಕುವವರನ್ನೋ, ಜಗಳೂರಿನ ಮಳೆಯಾಶ್ರಿತ ಹೊಲದಲ್ಲಿ ಕಳೆ ತೆಗೆಯುವವರನ್ನೋ ‘ವ್ಯಾಯಾಮವಿಲ್ಲದವರು’ ಎಂದು ಬರೆದುಕೊಂಡರೆ ಲೆಕ್ಕವೇ ಕೆಟ್ಟಿತು. ದುಡಿಮೆಯನ್ನು ಗಂಟೆವಾರು ಕೇಳಿ ಬರೆಯಬೇಕು. ಬೀಡಿ, ಎಲೆಅಡಿಕೆ-ಹೊಗೆಸೊಪ್ಪಿನ ಅಭ್ಯಾಸವನ್ನೂ ಸಂಕೋಚವಿಲ್ಲದೆ ಕೇಳಬೇಕು. ಹೊಗೆಯೊಂದೇ ಸಾಕು ಫಲಿತಾಂಶ ಏರಿಸಲು. ನೈತಿಕ ಸಮಿತಿಯ ಅನುಮತಿ, ಭಾಗವಹಿಸುವವರ ಒಪ್ಪಿಗೆ ಇಲ್ಲದೆ ಸೂಜಿ ಮುಟ್ಟುವಂತಿಲ್ಲ.

ರಕ್ತವನ್ನು ತಣ್ಣಗಿಟ್ಟು ಬೇಗ ಪ್ಲಾಸ್ಮಾ ಬೇರ್ಪಡಿಸಬೇಕು. ಕೆಂಪು ಕಣಗಳು ಒಡೆದ ಮಾದರಿಯನ್ನು ಬಿಟ್ಟುಬಿಡುವುದೇ ಲೇಸು. ಸಾಮಾನ್ಯವಾಗಿ ಅಳೆಯುವುದು ಎಂಡಿಎ, ಅಂದರೆ ಕೊಬ್ಬು ಕೆಟ್ಟಾಗ ಹುಟ್ಟುವ ಮ್ಯಾಲೋನ್‌ಡೈಆಲ್ಡಿಹೈಡ್: ಪ್ಲಾಸ್ಮಾಕ್ಕೆ ಥಯೋಬಾರ್ಬಿಟ್ಯೂರಿಕ್ ಆಮ್ಲ ಬೆರೆಸಿ ಕಾಯಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಅದರ ದಟ್ಟತೆಯನ್ನು 532 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಖರ್ಚು ಕಡಿಮೆ, ಆದರೆ ಬೇರೆ ವಸ್ತುಗಳೂ ಅದೇ ಬಣ್ಣ ಕೊಡುವುದರಿಂದ ಇದೊಂದನ್ನೇ ನಂಬಿ ತೀರ್ಪು ಕೊಡಬಾರದು. ಕಿಣ್ವಗಳನ್ನೂ ಅಳೆಯಬೇಕು, ಅನುಕೂಲವಿದ್ದರೆ ಕೊಬ್ಬಿನ ಹಾನಿಯ ಇನ್ನೊಂದು ಗುರುತಾದ ಐಸೋಪ್ರೊಸ್ಟೇನ್‌ಗಳನ್ನೂ. ಬೆವರು ಹರಿದಾಗ ಪ್ಲಾಸ್ಮಾದ ನೀರು ತಗ್ಗಿ ಎಲ್ಲ ಅಂಕಿಗಳೂ ಹಿಗ್ಗುತ್ತವೆ. ಹಿಮೋಗ್ಲೋಬಿನ್, ಹೆಮಟೋಕ್ರಿಟ್ ನೋಡಿ ಅದನ್ನು ಸರಿಪಡಿಸಬೇಕು.

ಇನ್ನು ವಿಟಮಿನ್ ಮಾತ್ರೆ. 2009ರಲ್ಲಿ ಜರ್ಮನಿಯಲ್ಲಿ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿ, ಕೆಲವರಿಗೆ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ, 400 ಐಯು ವಿಟಮಿನ್ ಇ ಕೊಟ್ಟರು. ಮಾತ್ರೆ ನುಂಗದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು. ನುಂಗಿದವರಿಗೆ ಆ ಲಾಭ ದಕ್ಕಲಿಲ್ಲ. ಹಾಗಾಗಿ ಮನೆಯಲ್ಲಿ ಯಾವ ಮಾತ್ರೆ, ಟಾನಿಕ್ ತೆಗೆದುಕೊಳ್ಳುತ್ತಾರೆಂದು ಹೆಸರು ಬರೆಸಿಕೊಳ್ಳುವ ದಿನವೇ ಕೇಳಿ, ಸಾಧ್ಯವಾದರೆ ಚೀಟಿಯನ್ನೇ ತರಿಸಿ ನೋಡಬೇಕು.